ಆಕಾಶದಲ್ಲಿ ಮೈಮರೆತವರಿಗೆ ಏನು ಶಿಕ್ಷೆ?

ಅಂದು 2009ರ ಅಕ್ಟೋಬರ್ 21. ಅಮೆರಿಕದ ಸ್ಯಾನ್ ಡಿಯಾಗೊದಿಂದ ಮಿನಿಯಾಪೊಲಿಸ್‌ಗೆ ಹೊರಟಿದ್ದ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ 188ನೇ ಸಂಖ್ಯೆಯ ವಿಮಾನದಲ್ಲಿ 144 ಪ್ರಯಾಣಿಕರಿದ್ದರು. ಇಳಿಯುವ ಹೊತ್ತು ಬಂದರೂ ವಿಮಾನ ಇಳಿಯುವ ಲಕ್ಷಣ ತೋರಲಿಲ್ಲ. ಗಗನಸಖಿಯೊಬ್ಬರು ಒಳಗಿನ ಫೋನಿನಲ್ಲಿ ಚಾಲಕರನ್ನು ಕರೆದು, ಊರು ತಲುಪುವುದು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ಆಗಲೇ ಚಾಲಕರಿಬ್ಬರಿಗೂ ಎಚ್ಚರವಾದದ್ದು. ವಿಮಾನ ಮಿನಿಯಾಪೊಲಿಸ್ ದಾಟಿ 100 ಮೈಲಿಗೂ ಹೆಚ್ಚು ಮುಂದೆ ಹೋಗಿಬಿಟ್ಟಿತ್ತು.

ಅಷ್ಟರಲ್ಲಿ ನೆಲದ ಮೇಲೆ ಗಾಬರಿಯೇ ಎದ್ದಿತ್ತು. 1 ಗಂಟೆ 17 ನಿಮಿಷ ಕಾಲ ವಿಮಾನದಿಂದ ಒಂದು ಮಾತೂ ಬಂದಿರಲಿಲ್ಲ. ನಿಯಂತ್ರಕರ ಕರೆಗಳಿಗೆ ಉತ್ತರವಿಲ್ಲ, ಕಂಪನಿ ಕಳಿಸಿದ ಸಂದೇಶಗಳಿಗೂ ಉತ್ತರವಿಲ್ಲ. ವಿಮಾನ ಅಪಹರಣವಾಗಿರಬಹುದೆಂಬ ಶಂಕೆಯಿಂದ ಯುದ್ಧ ವಿಮಾನಗಳನ್ನು ಸಜ್ಜಾಗಿ ನಿಲ್ಲಿಸಲಾಗಿತ್ತು. ಸಂಪರ್ಕ ಸಿಕ್ಕ ಮೇಲೂ ನಿಯಂತ್ರಕರಿಗೆ ನಂಬಿಕೆ ಬರಲಿಲ್ಲ. ಚಾಲಕರ ಕೈಯಲ್ಲೇ ವಿಮಾನವಿದೆ ಎಂಬುದನ್ನು ಖಚಿತಪಡಿಸಿಕೊಳ್ಳಲು ಅತ್ತ ತಿರುಗಿಸಿ, ಇತ್ತ ತಿರುಗಿಸಿ ಎಂದು ಆದೇಶಿಸಿ ನೋಡಿದರು. ಕೊನೆಗೆ ವಿಮಾನ ಸುರಕ್ಷಿತವಾಗಿ ಇಳಿಯಿತು. ಯಾರಿಗೂ ಒಂದು ಗಾಯವೂ ಆಗಲಿಲ್ಲ.

ಆಗಿದ್ದಾದರೂ ಏನು? ಚಾಲಕರು ಕುಡಿದಿರಲಿಲ್ಲ, ಜಗಳವಾಡಿರಲಿಲ್ಲ. ತಾವು ನಿದ್ದೆ ಮಾಡಿರಲಿಲ್ಲ ಎಂದೂ ತನಿಖಾಧಿಕಾರಿಗಳಿಗೆ ಹೇಳಿದರು. ಅದರ ಹಿಂದಿನ ವರ್ಷವಷ್ಟೇ ನಾರ್ತ್‌ವೆಸ್ಟ್ ಕಂಪನಿ ಡೆಲ್ಟಾ ಕಂಪನಿಯೊಂದಿಗೆ ವಿಲೀನವಾಗಿತ್ತು. ಯಾರಿಗೆ ಯಾವ ಪಾಳಿ ಎಂದು ನಿಗದಿ ಮಾಡುವ ಹೊಸ ಪದ್ಧತಿ ಜಾರಿಗೆ ಬಂದಿತ್ತು. ಅದು ಕ್ಯಾಪ್ಟನ್‌ಗೆ ಸರಿಯಾಗಿ ಅರ್ಥವಾಗಿರಲಿಲ್ಲ. ಸಹಚಾಲಕರು ಲ್ಯಾಪ್‌ಟಾಪ್ ತೆರೆದು ವಿವರಿಸತೊಡಗಿದರು, ಕ್ಯಾಪ್ಟನ್ ಕೂಡ ತಮ್ಮದನ್ನು ತೆರೆದರು. ವಿಮಾನ ಆಟೊಪೈಲಟ್ ಮೇಲೆ 37,000 ಅಡಿ ಎತ್ತರದಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಒಂದು ನಿಯಂತ್ರಣ ಕೇಂದ್ರದ ವ್ಯಾಪ್ತಿಯಿಂದ ಇನ್ನೊಂದಕ್ಕೆ ದಾಟುವಾಗ ರೇಡಿಯೊ ಸಂಪರ್ಕ ತಪ್ಪಿದ್ದು ಇಬ್ಬರ ಗಮನಕ್ಕೂ ಬರಲಿಲ್ಲ. ಇವರೇನೂ ಹೊಸಬರಲ್ಲ. ಕ್ಯಾಪ್ಟನ್ ಸುಮಾರು 20,000 ಗಂಟೆ ಹಾರಾಟ ನಡೆಸಿದ್ದವರು.

ಘಟನೆ ನಡೆದ ಆರೇ ದಿನಗಳಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ ಇಬ್ಬರ ಲೈಸೆನ್ಸನ್ನೂ ತುರ್ತು ಆದೇಶದ ಮೂಲಕ ರದ್ದುಪಡಿಸಿತು.

ಅಮಾನತು ಬೇರೆ, ರದ್ದು ಬೇರೆ

ವಿಮಾನ ಚಾಲಕರ ಲೋಕದಲ್ಲಿ ಅಮಾನತಿಗೂ ರದ್ದತಿಗೂ ಅಜಗಜಾಂತರ. ಅಮಾನತಾದರೆ ಲೈಸೆನ್ಸನ್ನು ಕೆಲವು ದಿನ ಒಪ್ಪಿಸಿ, ಅವಧಿ ಮುಗಿದ ಮೇಲೆ ವಾಪಸು ಪಡೆಯಬಹುದು. ರದ್ದಾದರೆ ಇಪ್ಪತ್ತು ವರ್ಷದ ಅನುಭವವಿದ್ದರೂ ಪರೀಕ್ಷೆಗಳನ್ನೆಲ್ಲ ಮತ್ತೆ ಮೊದಲಿನಿಂದ ಪಾಸು ಮಾಡಬೇಕು. ನಮ್ಮ ಆರ್‌ಟಿಒ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಎಲ್‌ಎಲ್ ಮಾಡಿಸುವಲ್ಲಿಂದ ಮತ್ತೆ ಶುರು. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದು ವರ್ಷ ಅರ್ಜಿಯನ್ನೂ ಹಾಕುವಂತಿಲ್ಲ. ನಾರ್ತ್‌ವೆಸ್ಟ್ ಚಾಲಕರು ಮೇಲ್ಮನವಿ ಸಲ್ಲಿಸಿದರು. 2010ರ ಮಾರ್ಚ್‌ನಲ್ಲಿ ರಾಜಿಯಾಯಿತು. ಅವರು ಮೇಲ್ಮನವಿ ಹಿಂತೆಗೆದುಕೊಂಡರು, ಅದಕ್ಕೆ ಪ್ರತಿಯಾಗಿ ಹತ್ತು ತಿಂಗಳಿಗೇ ಹೊಸ ಲೈಸೆನ್ಸ್‌ಗೆ ಅರ್ಜಿ ಹಾಕಲು ಅವಕಾಶ ಸಿಕ್ಕಿತು.

ಈ ಶಿಕ್ಷೆಯ ತೂಕ ತಿಳಿಯಬೇಕಾದರೆ ಅದರ ಹಿಂದಿನ ವರ್ಷದ ಇನ್ನೊಂದು ಪ್ರಕರಣವನ್ನು ಪಕ್ಕಕ್ಕಿಟ್ಟು ನೋಡಬೇಕು. 2008ರ ಫೆಬ್ರವರಿ 13ರಂದು ಹವಾಯಿ ದ್ವೀಪಗಳಲ್ಲಿ ಹೊನೊಲುಲುವಿನಿಂದ ಹಿಲೊ ಎಂಬ ಊರಿಗೆ 40 ಪ್ರಯಾಣಿಕರೊಂದಿಗೆ ಹೊರಟ 'ಗೋ' ಕಂಪನಿಯ ವಿಮಾನದಲ್ಲಿ ಚಾಲಕರಿಬ್ಬರೂ ನಿದ್ದೆ ಹೋದರು. ಅದೂ ಹಾಡುಹಗಲಲ್ಲಿ. ಸುಮಾರು 18 ನಿಮಿಷ ಉತ್ತರವಿಲ್ಲ. ವಿಮಾನ ಊರು ದಾಟಿ ಸಮುದ್ರದ ಮೇಲೆ ಹೋಗಿತ್ತು. ಎಚ್ಚರವಾದ ಮೇಲೆ ವಾಪಸು ಬಂದು ಇಳಿದರು. ಕ್ಯಾಪ್ಟನ್‌ಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇತ್ತೆಂದು ಆಮೇಲೆ ಗೊತ್ತಾಯಿತು. ಇಬ್ಬರೂ ಬೆಳಗಿನ ಜಾವದ ಪಾಳಿಯಲ್ಲಿದ್ದದ್ದು ಅದು ಸತತ ಮೂರನೇ ದಿನ. ಕಂಪನಿ ಇಬ್ಬರನ್ನೂ ಕೆಲಸದಿಂದ ತೆಗೆಯಿತು. ಎಫ್‌ಎಎ ಮಾತ್ರ ಕ್ಯಾಪ್ಟನ್ ಲೈಸೆನ್ಸನ್ನು 60 ದಿನ, ಸಹಚಾಲಕರ ಲೈಸೆನ್ಸನ್ನು 45 ದಿನ ಅಮಾನತಿನಲ್ಲಿಟ್ಟು ಸುಮ್ಮನಾಯಿತು.

ನಿದ್ದೆ ಹೋದವರಿಗೆ ಎರಡು ತಿಂಗಳೊಳಗಿನ ಅಮಾನತು, ಎಚ್ಚರವಾಗಿದ್ದೂ ಮೈಮರೆತವರಿಗೆ ಲೈಸೆನ್ಸೇ ರದ್ದು. ಮೇಲ್ನೋಟಕ್ಕೆ ಇದು ವಿಚಿತ್ರವಾಗಿ ಕಾಣುತ್ತದೆ. ಆದರೆ ಇದರ ಹಿಂದೆ ಒಂದು ತರ್ಕವಿದೆ. ನಿದ್ದೆ ಮನುಷ್ಯನ ಇಚ್ಛೆಗೆ ಮೀರಿ ಬರಬಹುದು, ಲ್ಯಾಪ್‌ಟಾಪ್ ತಾನಾಗಿ ತೆರೆದುಕೊಳ್ಳುವುದಿಲ್ಲ. ಹೀಗೆ ತಾನಾಗಿ ಬಂದ ಮೈಮರೆವು ಯಾವುದು, ತಂದುಕೊಂಡದ್ದು ಯಾವುದು ಎಂಬ ಪ್ರಶ್ನೆಯ ಸುತ್ತಲೇ ಅರ್ಧ ಶತಮಾನದಿಂದ ಈ ವಾದ ನಡೆದು ಬಂದಿದೆ.

ಒಂದು ಬಲ್ಬಿನ ಹಿಂದೆ ಬಿದ್ದು

ಗಮನ ತಪ್ಪುವುದು ಸೋಮಾರಿಗಳಿಗೆ ಮಾತ್ರ ಎಂಬ ನಂಬಿಕೆ ಎರಡನೇ ಮಹಾಯುದ್ಧದ ಕಾಲಕ್ಕೇ ಅಲುಗಾಡಿತ್ತು. ಗಂಟೆಗಟ್ಟಲೆ ರೇಡಾರ್ ಪರದೆ ನೋಡುತ್ತ ಕೂತ ಬ್ರಿಟನ್ನಿನ ಸೈನಿಕರು ಶತ್ರುವಿನ ಸುಳಿವನ್ನು ಕಂಡೂ ಕಾಣದೆ ಬಿಡುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನೋವಿಜ್ಞಾನಿ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಗಡಿಯಾರದಂಥ ಒಂದು ಮುಳ್ಳು ಹೆಜ್ಜೆ ಹೆಜ್ಜೆಯಾಗಿ ಚಲಿಸುತ್ತದೆ, ಆಗೊಮ್ಮೆ ಈಗೊಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ಅದನ್ನು ಗುರುತಿಸುವುದಷ್ಟೇ ಕೆಲಸ. ಮೊದಲ ಅರ್ಧ ಗಂಟೆ ಕಳೆಯುತ್ತಿದ್ದಂತೆ ಶ್ರದ್ಧೆಯುಳ್ಳವರೂ ತಪ್ಪತೊಡಗಿದರು. ಮಾಡಲು ಕೆಲಸವಿಲ್ಲದೆ ಬರೀ ಕಾಯುತ್ತ ಕೂರುವುದು ಮನುಷ್ಯನಿಗೆ ಒಗ್ಗಿದ ಕೆಲಸವಲ್ಲ ಎಂಬುದು ಅಂದೇ ಗೊತ್ತಾಗಿತ್ತು. ಆಟೊಪೈಲಟ್ ಸುಧಾರಿಸಿದಷ್ಟೂ ವಿಮಾನ ಚಾಲಕರ ಪಾಲಿಗೆ ಬಂದದ್ದು ಇದೇ ಕೆಲಸ.

1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ ಹೊಚ್ಚ ಹೊಸ ವಿಮಾನವೊಂದು 176 ಜನರೊಂದಿಗೆ ಮಯಾಮಿಯಲ್ಲಿ ಇಳಿಯಲು ಬಂತು. ಮುಂಗಾಲಿಯ ಚಕ್ರ ಹೊರಬಂದಿದೆ ಎಂದು ತೋರಿಸುವ ದೀಪ ಹತ್ತಲಿಲ್ಲ. ಚಾಲಕರು 2,000 ಅಡಿಯಲ್ಲಿ ಆಟೊಪೈಲಟ್ ಹಾಕಿ ದೀಪದ ಪರೀಕ್ಷೆಗೆ ಕೂತರು. ಯಾರದೋ ಕೈ ತಗುಲಿ ಎತ್ತರ ಕಾಯುವ ವ್ಯವಸ್ಥೆ ತಪ್ಪಿತು. ವಿಮಾನ ಮೆಲ್ಲಗೆ ಇಳಿಯತೊಡಗಿದ್ದು ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಆ ಬಲ್ಬಿನ ಹಿಂದೆ ಬಿದ್ದಿದ್ದರು. ವಿಮಾನ ಎವರ್‌ಗ್ಲೇಡ್ಸ್ ಜೌಗು ಪ್ರದೇಶಕ್ಕೆ ಬಿದ್ದು 101 ಜನ ಸತ್ತರು. ಕೆಟ್ಟಿದ್ದು ಬಲ್ಬು ಮಾತ್ರ.

ಎರಡು ವರ್ಷದ ನಂತರ, 1974ರ ಸೆಪ್ಟೆಂಬರ್ 11ರಂದು, ಅದೇ ಕಂಪನಿಯ ಇನ್ನೊಂದು ವಿಮಾನ ಮಂಜಿನಲ್ಲಿ ಷಾರ್ಲಟ್ ನಗರದ ರನ್‌ವೇ ತಲುಪುವ ಮೊದಲೇ ನೆಲಕ್ಕಪ್ಪಳಿಸಿತು. 82 ಜನರಲ್ಲಿ 72 ಮಂದಿ ಸತ್ತರು. ಕಾಕ್‌ಪಿಟ್ಟಿನ ಧ್ವನಿಮುದ್ರಿಕೆ ಕೇಳಿದಾಗ ಇಳಿಯುವ ಹೊತ್ತಿನಲ್ಲಿ ಚಾಲಕರು ರಾಜಕೀಯ, ಹಳೇ ಕಾರುಗಳ ವಿಚಾರ ಮಾತಾಡುತ್ತಿದ್ದುದು ಗೊತ್ತಾಯಿತು.

ನಮ್ಮ ಬಸ್ಸುಗಳಲ್ಲಿ ಚಾಲಕರೊಂದಿಗೆ ಮಾತನಾಡಬಾರದು ಎಂದು ಬರೆದಿರುತ್ತದೆ. 1981ರಲ್ಲಿ ಅಮೆರಿಕ ಚಾಲಕರಿಬ್ಬರ ನಡುವೆಯೇ ಅಂಥದೊಂದು ನಿಯಮ ತಂದಿತು. 10,000 ಅಡಿಗಿಂತ ಕೆಳಗಿರುವಾಗ, ಅಂದರೆ ಏರುವ ಮತ್ತು ಇಳಿಯುವ ಹೊತ್ತಿನಲ್ಲಿ, ಹಾರಾಟಕ್ಕೆ ಸಂಬಂಧಿಸದ ಮಾತೂ ಬೇಡ, ಕೆಲಸವೂ ಬೇಡ. ಮುಂದೆ ಬೇರೆ ದೇಶಗಳೂ ಇದನ್ನು ಅನುಸರಿಸಿದವು. ಆದರೆ 10,000 ಅಡಿ ದಾಟಿದ ಮೇಲೆ ಈ ನಿಯಮ ಇರಲಿಲ್ಲ. ನಾರ್ತ್‌ವೆಸ್ಟ್ ಚಾಲಕರು ಮೈಮರೆತದ್ದು ಆ ಎತ್ತರದಲ್ಲಿ. ಕಾಕ್‌ಪಿಟ್ಟಿನಲ್ಲಿ ಸ್ವಂತಕ್ಕೆ ಲ್ಯಾಪ್‌ಟಾಪ್, ಮೊಬೈಲ್ ಬಳಸಬಾರದೆಂಬ ಸ್ಪಷ್ಟ ನಿಯಮವನ್ನು ಎಫ್‌ಎಎ ಹೊರಡಿಸಿದ್ದು 2014ರಲ್ಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನಬಹುದು. ಆದರೆ ವಿಮಾನಯಾನದ ಬಹುಪಾಲು ನಿಯಮಗಳು ಹುಟ್ಟಿರುವುದೇ ಹೀಗೆ.

ಹೇಳದೇ ಉಳಿದ ಮಾತು

ಹಾಗಾದರೆ ಕಠಿಣ ಶಿಕ್ಷೆ ಕೊಟ್ಟರೆ ಎಚ್ಚರ ಹೆಚ್ಚುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುವಂತೆ ಮಾಡಿದ್ದು ಅದೇ 1974ರ ಡಿಸೆಂಬರ್ 1ರ ಇನ್ನೊಂದು ದುರಂತ. ವಾಷಿಂಗ್ಟನ್ ಸಮೀಪದ ಡಲ್ಲೆಸ್ ವಿಮಾನ ನಿಲ್ದಾಣಕ್ಕೆ ಬರುತ್ತಿದ್ದ ಟಿಡಬ್ಲ್ಯೂಎ ಕಂಪನಿಯ ವಿಮಾನ ಬೆಟ್ಟಕ್ಕೆ ಬಡಿದು 92 ಜನರೂ ಸತ್ತರು. ನಿಯಂತ್ರಕರು ಕೊಟ್ಟ ಅನುಮತಿಯನ್ನು, ಈಗಲೇ ಕೆಳಗಿಳಿಯಬಹುದು ಎಂದು ಚಾಲಕರು ತಪ್ಪಾಗಿ ತಿಳಿದಿದ್ದರು.

ಎದೆ ಧಸಕ್ಕೆನ್ನುವ ಸಂಗತಿ ಆಮೇಲೆ ಬಯಲಾಯಿತು. ಸುಮಾರು ಆರು ವಾರದ ಹಿಂದೆ ಯುನೈಟೆಡ್ ಕಂಪನಿಯ ವಿಮಾನವೊಂದು ಇದೇ ದಾರಿಯಲ್ಲಿ, ಇದೇ ತಪ್ಪು ತಿಳಿವಳಿಕೆಯಿಂದ, ಇದೇ ಬೆಟ್ಟಕ್ಕೆ ಬಡಿಯುವುದರಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ತಪ್ಪು ಹೇಳಿಕೊಂಡವರಿಗೆ ಶಿಕ್ಷೆ ಇಲ್ಲ ಎಂಬ ಏರ್ಪಾಡು ಆ ಕಂಪನಿಯೊಳಗಿತ್ತು. ಹಾಗಾಗಿ ಚಾಲಕರು ನಡೆದದ್ದನ್ನು ಹೇಳಿದರು, ಕಂಪನಿ ತನ್ನ ಇತರ ಚಾಲಕರನ್ನು ಎಚ್ಚರಿಸಿತು. ಆದರೆ ಆ ಮಾತು ಕಂಪನಿಯ ಗೋಡೆ ದಾಟಿ ಆಚೆಗೆ ಹೋಗಲಿಲ್ಲ. ಪಕ್ಕದ ಕಂಪನಿಯ ಚಾಲಕರಿಗೆ ಅದು ತಿಳಿಯಲೇ ಇಲ್ಲ.

ಇದರ ಫಲವಾಗಿ 1976ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ವರದಿ ಪದ್ಧತಿ ಆರಂಭವಾಯಿತು. ವರದಿ ಪಡೆಯುವ ಕೆಲಸವನ್ನು ಶಿಕ್ಷಿಸುವ ಎಫ್‌ಎಎಗೆ ಒಪ್ಪಿಸದೆ, ಬಾಹ್ಯಾಕಾಶ ಸಂಸ್ಥೆ ನಾಸಾಗೆ ಒಪ್ಪಿಸಿದ್ದು ಇದರ ಜಾಣತನ. ಚಾಲಕರು ತಮ್ಮ ತಪ್ಪನ್ನು ಹತ್ತು ದಿನದೊಳಗೆ ಬರೆದು ಕಳಿಸಿದರೆ ನಾಸಾ ಹೆಸರು ಅಳಿಸಿ ವಿಷಯವನ್ನಷ್ಟೇ ಇಟ್ಟುಕೊಳ್ಳುತ್ತದೆ. ತಪ್ಪು ಬೇಕೆಂದೇ ಮಾಡಿದ್ದಲ್ಲವಾದರೆ ನಿಯಮ ಮುರಿದದ್ದಕ್ಕೆ ದಂಡವಾಗಲಿ ಅಮಾನತಾಗಲಿ ಬೀಳುವುದಿಲ್ಲ. ಅಲ್ಲಿಂದೀಚೆಗೆ ಲಕ್ಷಾಂತರ ವರದಿಗಳು ಬಂದಿವೆ. ಲೈಸೆನ್ಸ್ ಹೋಗುವ ಭಯವಿದ್ದರೆ ಯಾವ ಚಾಲಕ ತಾನೇ ಇಷ್ಟೆಲ್ಲ ಬರೆದುಕೊಟ್ಟಾನು?

ಅಪಘಾತದ ತನಿಖೆ ಮುಂದಿನ ಅಪಘಾತ ತಡೆಯಲೆಂದೇ ಹೊರತು ತಪ್ಪು ಹೊರಿಸಲು ಅಲ್ಲ ಎಂಬ ತತ್ವವನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯೂ ತನ್ನ ನಿಯಮದಲ್ಲಿ ಸೇರಿಸಿದೆ. ಆದರೆ ಪೊಲೀಸರು, ನ್ಯಾಯಾಲಯಗಳು ಆ ನಿಯಮಕ್ಕೆ ಒಳಪಟ್ಟಿಲ್ಲ.

ಕಟಕಟೆಯಲ್ಲಿ ಕ್ಯಾಪ್ಟನ್

ಬ್ರಿಟನ್ನಿನ ಕ್ಯಾಪ್ಟನ್ ಒಬ್ಬರ ಕಥೆ ಇದಕ್ಕೆ ಉದಾಹರಣೆ. 1989ರ ನವೆಂಬರ್ 21ರಂದು ಬಹರೈನ್‌ನಿಂದ ಲಂಡನ್ನಿಗೆ ಬಂದ ಬ್ರಿಟಿಷ್ ಏರ್‌ವೇಸ್ ಜಂಬೊ ವಿಮಾನ ದಟ್ಟ ಮಂಜಿನಲ್ಲಿ ದಾರಿಯಿಂದ ಸರಿದು, ಹೀಥ್ರೂ ಬಳಿಯ ಹೋಟೆಲೊಂದರ ಸಮೀಪ ನೆಲಕ್ಕೆ ಸುಮಾರು 75 ಅಡಿಯಷ್ಟು ಹತ್ತಿರ ಬಂದು ಮೇಲೇರಿತು. ಎರಡನೇ ಪ್ರಯತ್ನದಲ್ಲಿ ಸುರಕ್ಷಿತವಾಗಿ ಇಳಿಯಿತು. ಪ್ರಯಾಣಕ್ಕೆ ಮುಂಚೆ ಸಿಬ್ಬಂದಿಯಲ್ಲಿ ಹಲವರಿಗೆ ಹೊಟ್ಟೆ ಕೆಟ್ಟಿತ್ತು. ಅಂಥ ಮಂಜಿನಲ್ಲಿ ಇಳಿಯುವ ಅರ್ಹತೆ ಸಹಚಾಲಕರಿಗೆ ಇರಲಿಲ್ಲ. ಕಂಪನಿಯೇ ದಾರಿಯಲ್ಲಿ ವಿನಾಯಿತಿ ಕೊಟ್ಟಿತ್ತು. ಇಂಧನವೂ ಕಡಿಮೆಯಾಗುತ್ತ ಬಂದಿತ್ತು.

ಇಷ್ಟಾದರೂ ಕಟಕಟೆ ಹತ್ತಿದ್ದು ಕ್ಯಾಪ್ಟನ್ ಒಬ್ಬರೇ. ನಿರ್ಲಕ್ಷ್ಯದಿಂದ ವಿಮಾನವನ್ನೂ ಪ್ರಯಾಣಿಕರನ್ನೂ ಅಪಾಯಕ್ಕೊಡ್ಡಿದರೆಂದು 1991ರಲ್ಲಿ ನ್ಯಾಯಾಲಯ 2,000 ಪೌಂಡ್ ದಂಡ ವಿಧಿಸಿತು. ದಂಡ ದೊಡ್ಡದಲ್ಲ. ಆದರೆ ಆ ಮನುಷ್ಯ ಚೇತರಿಸಿಕೊಳ್ಳಲಿಲ್ಲ. 1992ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಒಬ್ಬ ಪ್ರಯಾಣಿಕನಿಗೂ ಪೆಟ್ಟಾಗದ ಆ ಪ್ರಕರಣದಲ್ಲಿ ಹೋದದ್ದು ಅದೊಂದೇ ಜೀವ.

ಬೆಂಗಳೂರು, ಮಂಗಳೂರು

ಈ ವಿಚಾರ ನಮಗೆ ದೂರದ್ದಲ್ಲ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬೆಂಗಳೂರಿಗೆ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ವಿಮಾನ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಮಂದಿ ಸತ್ತರು. ಇಳಿಯುವ ಕೊನೆಯ ಹಂತದಲ್ಲಿ ಎಂಜಿನ್‌ಗಳು ತೀರಾ ಕಡಿಮೆ ಶಕ್ತಿಯಲ್ಲಿದ್ದವು. ವೇಗ ಇರಬೇಕಾದ್ದಕ್ಕಿಂತ ಬಹಳ ಕೆಳಗೆ ಹೋಗುತ್ತಿದ್ದುದನ್ನು ಚಾಲಕರು ಹೊತ್ತಿಗೆ ಸರಿಯಾಗಿ ಗಮನಿಸಲಿಲ್ಲ ಎಂಬುದು ನ್ಯಾಯಮೂರ್ತಿ ಶಿವಶಂಕರ ಭಟ್ ಅವರ ವಿಚಾರಣೆಯ ಸಾರ. ಚಾಲಕರಿಬ್ಬರೂ ತೀರಿಕೊಂಡಿದ್ದರು. ಅವರ ಪಾಲಿಗೆ ಉಳಿದ ಶಿಕ್ಷೆ ಹೆಸರಿಗೆ ಅಂಟಿದ ಕಳಂಕ. ಆದರೆ ಕಂಪ್ಯೂಟರ್ ನಡೆಸುವ ಆ ವಿಮಾನ ಆಗ ಭಾರತಕ್ಕೆ ತೀರಾ ಹೊಸದು. ತಪ್ಪು ಚಾಲಕರದೋ, ತರಬೇತಿಯದೋ, ವಿಮಾನದ ವಿನ್ಯಾಸದ್ದೋ ಎಂಬ ಚರ್ಚೆ ಬಹುಕಾಲ ನಡೆಯಿತು. ಇಂಡಿಯನ್ ಏರ್‌ಲೈನ್ಸ್‌ನ ಎ-320 ವಿಮಾನಗಳು ತಿಂಗಳುಗಟ್ಟಲೆ ನೆಲದ ಮೇಲೇ ನಿಂತವು.

ಮಂಗಳೂರಿನದು ಇನ್ನೂ ಹಸಿ ಗಾಯ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಬೆಟ್ಟದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ ಉಳಿದವರು ಎಂಟೇ ಜನ. ಸುಮಾರು ಎರಡು ಗಂಟೆಯ ಧ್ವನಿಮುದ್ರಿಕೆಯಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ಮಾತೇ ಇರಲಿಲ್ಲ, ಗೊರಕೆ ಸದ್ದು ಕೇಳಿಸುತ್ತಿತ್ತು. ಇಳಿಯುವ ಹೊತ್ತಿಗೆ ಎಚ್ಚರವಾದರೂ ನಿದ್ದೆಯ ಮಂಪರು ಬಿಟ್ಟಿರಲಿಲ್ಲ ಎಂದು ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣೆ ಹೇಳಿತು. ವಿಮಾನ ಬಹಳ ಎತ್ತರದಲ್ಲಿದೆ, ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಚಾಲಕರು ಮೂರು ಬಾರಿ ಹೇಳಿದ್ದರು. ಕ್ಯಾಪ್ಟನ್ ಕೇಳಲಿಲ್ಲ. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು.

ಶಿಕ್ಷಿಸಲು ಇಲ್ಲೂ ಯಾರೂ ಉಳಿದಿರಲಿಲ್ಲ. ಮನೆಯವರನ್ನು ಕಳೆದುಕೊಂಡವರ ಮುಂದೆ ನಿಂತು, ತನಿಖೆ ಇರುವುದು ತಪ್ಪು ಹೊರಿಸಲು ಅಲ್ಲ ಎಂದು ಹೇಳುವುದು ಸುಲಭವಲ್ಲ. ಆದರೆ ಆ ವರದಿಯಿಂದ ಬಂದ ಪ್ರಯೋಜನ ಕ್ಯಾಪ್ಟನ್ ಅನ್ನು ದೂರುವುದರಲ್ಲಿ ಇರಲಿಲ್ಲ. ಕಾಕ್‌ಪಿಟ್ಟಿನಲ್ಲಿ ನಿದ್ದೆ ಬಂದರೆ ಏನು ಮಾಡಬೇಕು, ಹಿರಿಯರು ಮಾತು ಕೇಳದಿದ್ದರೆ ಕಿರಿಯರು ಯಾವಾಗ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗಳನ್ನು ಅದು ಮುಂದಿಟ್ಟಿತು.

ದಣಿವು ಯಾರ ತಪ್ಪು?

ನಿದ್ದೆಯ ಪ್ರಶ್ನೆಗೆ ಉತ್ತರ ಆಗಲೇ ಸಿದ್ಧವಿತ್ತು. 1994ರಲ್ಲಿ ಪ್ರಕಟವಾದ ನಾಸಾ ಅಧ್ಯಯನದಲ್ಲಿ ದೀರ್ಘ ಹಾರಾಟದ ಚಾಲಕರಿಗೆ ಸರದಿಯ ಮೇಲೆ 40 ನಿಮಿಷ ವಿಶ್ರಾಂತಿ ಕೊಡಲಾಯಿತು. ಸರಾಸರಿ 26 ನಿಮಿಷ ನಿದ್ದೆ ಮಾಡಿದವರು ಇಳಿಯುವ ಹೊತ್ತಿಗೆ ಹೆಚ್ಚು ಚುರುಕಾಗಿದ್ದರು. ಹಲವು ದೇಶಗಳು ಇಂಥ ನಿಯಂತ್ರಿತ ವಿಶ್ರಾಂತಿಗೆ ಅವಕಾಶ ಕೊಟ್ಟವು, ಅಧ್ಯಯನ ನಡೆಸಿದ ಅಮೆರಿಕವೇ ಒಪ್ಪಲಿಲ್ಲ. ಇಲ್ಲೂ ಒಂದು ಎಚ್ಚರಿಕೆ ಬೇಕು. 2014ರ ಆಗಸ್ಟ್‌ನಲ್ಲಿ ಮುಂಬೈಯಿಂದ ಬ್ರಸೆಲ್ಸ್‌ಗೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಕ್ಯಾಪ್ಟನ್ ಇಂಥ ವಿಶ್ರಾಂತಿಯಲ್ಲಿದ್ದರು, ಸಹಚಾಲಕರ ಗಮನ ಟ್ಯಾಬ್ಲೆಟ್ ಮೇಲಿತ್ತು. ಟರ್ಕಿಯ ಮೇಲೆ ವಿಮಾನ ಸುಮಾರು 5,000 ಅಡಿ ಕೆಳಗಿಳಿದದ್ದು ನಿಯಂತ್ರಕರು ಹೇಳುವವರೆಗೆ ತಿಳಿಯಲಿಲ್ಲ. ಇಬ್ಬರನ್ನೂ ಅಮಾನತು ಮಾಡಲಾಯಿತು.

2024ರ ಜನವರಿ 25ರಂದು ಇಂಡೊನೇಷ್ಯಾದ ಬಾಟಿಕ್ ಏರ್ ವಿಮಾನದಲ್ಲಿ ಚಾಲಕರಿಬ್ಬರೂ 28 ನಿಮಿಷ ನಿದ್ದೆ ಹೋದರು. 153 ಪ್ರಯಾಣಿಕರು ಸುರಕ್ಷಿತವಾಗಿ ಇಳಿದರು, ಚಾಲಕರು ಅಮಾನತಾದರು. ಸಹಚಾಲಕರ ಮನೆಯಲ್ಲಿ ಒಂದು ತಿಂಗಳ ಅವಳಿ ಮಕ್ಕಳಿದ್ದು, ರಾತ್ರಿ ಸರಿಯಾಗಿ ನಿದ್ದೆಯಾಗಿರಲಿಲ್ಲ ಎಂಬುದು ತನಿಖೆಯಲ್ಲಿ ತಿಳಿಯಿತು. ಅಮಾನತಿನ ಭಯ ಹಸುಗೂಸಿನ ತಂದೆಗೆ ನಿದ್ದೆ ತಂದುಕೊಡಲಾರದು. ದಣಿದಿದ್ದೇನೆ, ಇಂದು ಹಾರಲಾರೆ ಎಂದು ಹೇಳಿದರೆ ಸಂಬಳಕ್ಕೂ ಬಡ್ತಿಗೂ ಕುತ್ತಿಲ್ಲ ಎಂಬ ಭರವಸೆ ತಂದುಕೊಡಬಹುದು.

ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ಚಾಲಕರ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ಇಳಿಸುವಿಕೆಗಳಿಗೆ ಮಿತಿ ಹಾಕಿತು. ಅದು ಪೂರ್ಣ ಜಾರಿಯಾದ ಮರು ತಿಂಗಳೇ, 2025ರ ಡಿಸೆಂಬರ್‌ನಲ್ಲಿ, ಸಾಕಷ್ಟು ಚಾಲಕರಿಲ್ಲದೆ ಇಂಡಿಗೊ ಕಂಪನಿಯ ಸಾವಿರಾರು ಹಾರಾಟಗಳು ರದ್ದಾದವು. ಕೊನೆಗೆ ನಿಯಮವನ್ನೇ ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು. ವಿಶ್ರಾಂತಿಗೆ ಎಷ್ಟು ಬೆಲೆ ತೆರಬೇಕು ಎಂಬುದು ಅಂದು ವಿಮಾನ ನಿಲ್ದಾಣಗಳಲ್ಲಿ ಕಾದು ಕೂತವರಿಗೆಲ್ಲ ಗೊತ್ತಾಯಿತು.

ಹಾಗೆಂದು ಶಿಕ್ಷೆಯೇ ಬೇಡವೆಂದಲ್ಲ. ಕರ್ತವ್ಯ ಬಿಟ್ಟು ಲ್ಯಾಪ್‌ಟಾಪ್ ತೆರೆದವರ ಲೈಸೆನ್ಸ್ ಹೋದದ್ದು ಅನ್ಯಾಯವೆಂದು ಹೇಳುವುದು ಕಷ್ಟ. ಪ್ರಯಾಣಿಕ ತನ್ನ ಜೀವವನ್ನು ಅವರ ಕೈಯಲ್ಲಿಟ್ಟು ಕಣ್ಣು ಮುಚ್ಚಿರುತ್ತಾನೆ. ಆದರೆ ಆ ಇಬ್ಬರ ಲೈಸೆನ್ಸ್ ರದ್ದಾದದ್ದರಿಂದ ತಿದ್ದಿದ್ದು ಇಬ್ಬರನ್ನು ಮಾತ್ರ. ಬಲ್ಬಿನ ಹಿಂದೆ ಬಿದ್ದವರಿಂದ, ಹಳೇ ಕಾರಿನ ಮಾತಾಡಿದವರಿಂದ, ಗೊರಕೆ ಹೊಡೆದವರಿಂದ ಕಲಿತ ಪಾಠ ಮಾತ್ರ ಎಲ್ಲ ಕಾಕ್‌ಪಿಟ್ಟುಗಳನ್ನೂ ತಲುಪಬಲ್ಲದು. ಅದಕ್ಕೆ ತಪ್ಪಿದವರು ಬಾಯಿ ಬಿಡಬೇಕು. ಅವರು ಬಾಯಿ ಬಿಡುವಂಥ ವಾತಾವರಣ ಇರಬೇಕು.

ಅಂದು 188ನೇ ವಿಮಾನವನ್ನು ಎಚ್ಚರಿಸಿದ್ದು ಯಾವ ದಂಡದ ಭಯವೂ ಅಲ್ಲ, ಯಾವಾಗ ಇಳಿಯುತ್ತೇವೆ ಎಂದು ಗಗನಸಖಿ ಕೇಳಿದ ಒಂದು ಸರಳ ಪ್ರಶ್ನೆ.